ತೂತು ಓದುವ ಈರಣ್ಣ

ತೂತು ನೋಡಿ ಹೂವಿನ ಗುರುತು ಹಿಡಿತಾನ, ಮಂದಿ ಮುಖ ಮಾತ್ರ ನೋಡಂಗಿಲ್ಲ. ಯಾರು ಹೇಳ್ರಿ? ಬಿಡ್ರಿ, ನಿಮಗ ಬರೂದಿಲ್ಲ.

ರಬಕವಿಯೊಳಗ ನಾ ಕೆಲಸ ಮಾಡೋ ಮಗ್ಗದ ಮಾಲಕರ ಮಗ ಈರಣ್ಣ. ಡಾಕ್ಟರು ಆಟಿಸಂ ಅಂತಾರ, ನಾವು ಅಣ್ಣ ಅಂತೇವಿ. ಮಾತು ಭಾಳ ಕಡಿಮಿ.

ಅವತ್ತ ಸೀರಿ ಅಂಚಿನ ಹೂವು ನೇಯಿಸೋ ತೂತಿನ ರಟ್ಟುಗಳ ಸರ ನನ್ನ ಕೈ ಜಾರಿ, ದಾರ ಹರದು, ನೆಲದ ತುಂಬ ಚೆಲ್ಲಿತು. ಅವುಗಳ ಮ್ಯಾಲಿನ ಅಂಕಿ ಎಂದೋ ಅಳಿಸಿಹೋಗಿದ್ದವು. ಯಾವ ಎಳಿ ಏಳಬೇಕು ಅಂತ ಮಗ್ಗಕ್ಕ ಹೇಳೂದು ಆ ತೂತೇ; ಸಾಲು ತಪ್ಪಿದ್ರ ಹೂವು ಹುಳ ಆಕ್ಕೈತಿ.

"ಲೇ, ಸಂಜೀತನಕ ಜೋಡಸು. ಇಲ್ಲಂದ್ರ ನಾಳಿಂದ ಬರಬ್ಯಾಡ," ಅಂದ್ರು ಮಾಲಕರು.

ಈರಣ್ಣ ತಾನಾಗೇ ಬಂದು ಕುಂತ. ಒಂದೊಂದೇ ರಟ್ಟು ಬೆಳಕಿಗೆ ಹಿಡದು, ಖಟ್‌ಪಟ್ ಅಂತ ಮಗ್ಗದ ಸಪ್ಪಳ ಗುನುಗಿಕೋತ ಜೋಡಸಾಕ ಹತ್ತಿದ. ನಾ ಒಂದೊಂದೇ ಎತ್ತಿ ಕೊಡಕೋತ ಕುಂತೆ. ಆದ್ರೂ ಚೇಷ್ಟಿ ಬಿಡಬೇಕಲ್ಲ? ಒಂದು ರಟ್ಟು ಅಂಗಿಯೊಳಗ ಮುಚ್ಚಿಟ್ಟೆ. ನಡುವ ಗುನುಗು ನಿಂತಿತು. ನನ್ನ ಕಡೆ ನೋಡದೇ ಕೈ ಚಾಚಿದ.

"ಎಲಿ ಇಲ್ಲ. ಎಲಿ ಕೊಡು."

ತೆಪ್ಪಗ ಕೊಟ್ಟೆ. ಸಂಜಿಗೆ ಮಗ್ಗ ಓಡಿತು. ಅಂಚಿನ್ಯಾಗ ಹೂವು, ಎಲಿ ಎಲ್ಲಾ ನೆಟ್ಟಗ ಮೂಡಿದವು. ನನ್ನ ಕೆಲಸ ಉಳೀತು. ಆಗ ಈರಣ್ಣ ನನ್ನ ಮುಖ ನೋಡಿ, "ನೀ ಕಳ್ಳ ಅದೀಲೇ!" ಅಂತ ನಕ್ಕ.

ಖರೆ ಹೇಳ್ತೀನ್ರಿ, ಅವ ಹಂಗ ಅನ್ನಲೂ ಇಲ್ಲ, ನಗಲೂ ಇಲ್ಲ. ನನ್ನ ಮುಖಾನೂ ನೋಡಲಿಲ್ಲ, ಹೂವನ್ನೇ ನೋಡಕೋತ ನಿಂತಿದ್ದ. ಆ ನಗು ನಾನೇ ನೇಯ್ದಿದ್ದು. ಅದಕ್ಕ ರಟ್ಟು ಬೇಕಾಗಂಗಿಲ್ಲ ನೋಡ್ರಿ.