ದೊಡ್ಡಪತ್ರೆ ಡಾಕ್ಟರಮ್ಮನ ಕೆಮ್ಮು

ನಾನು ಓದಿದ್ದು ಪಿಯುಸಿವರೆಗೆ, ಅದೂ ಕಾಮರ್ಸು. ಆದರೂ ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಎರಡು ವರ್ಷ ನಾನೇ ಡಾಕ್ಟರಾಗಿದ್ದೆ. ತವರೂರು ಸಾಸಲಿನಿಂದ ಬರುವಾಗ ಅತ್ತಿಗೆ ಒಂದು ದೊಡ್ಡಪತ್ರೆ ಕಡ್ಡಿ ಮುರಿದು ಕೊಟ್ಟಿದ್ದಳು. ಹಳೇ ಪೇಂಟ್ ಡಬ್ಬದಲ್ಲಿ ನೆಟ್ಟೆ. ಅದು ಡಬ್ಬ ತುಂಬಿ, ಹಿತ್ತಿಲಿಗೆ ಇಳಿದು, ನಲ್ಲಿಯ ಸುತ್ತ ಪೊದೆಯಾಯಿತು. ದೊಡ್ಡಪತ್ರೆ ಯಾರು ನೆಟ್ಟರೂ ಬರುತ್ತದೆ. ನಾನು ಮಾತ್ರ ಅದನ್ನು ನನ್ನ ಕೈಗುಣ ಎಂದುಕೊಂಡೆ.

ಮೊದಲ ರೋಗಿ ಎದುರು ಮನೆಯ ಮಾರಕ್ಕ. ನೆಗಡಿ ಎಂದಳು. ಎಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಕೊಟ್ಟೆ. ವಾರದೊಳಗೆ ನೆಗಡಿ ಹೋಯಿತು. ಏನೂ ಕುಡಿಯದಿದ್ದರೂ ನೆಗಡಿ ವಾರಕ್ಕೆ ಹೋಗುತ್ತದೆ ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಅಂದಿನಿಂದ ಕೆಮ್ಮಿದವರನ್ನೆಲ್ಲ ಹಿಡಿದು ನಿಲ್ಲಿಸಿ ಎಲೆ ಕೊಡತೊಡಗಿದೆ. ನಮ್ಮ ಯಜಮಾನರ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುವ ಕೊಂಡಪ್ಪಣ್ಣನಿಗೆ ಹಳೇ ಕೆಮ್ಮು. ಅವನಿಗೆ ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ. ಕಣ್ಣು ಮುಚ್ಚಿಕೊಂಡು ಒಂದೇ ಗುಟುಕಿಗೆ ಕುಡಿಯುತ್ತಿದ್ದ. ನಾನದನ್ನು ನಂಬಿಕೆ ಎಂದು ತಿಳಿದಿದ್ದೆ.

ಕಳೆದ ಚಳಿಗಾಲದಲ್ಲಿ ಕೆಮ್ಮು ನನಗೇ ಬಂತು. ಎಲೆ ಅಗಿದೆ, ರಸ ಕುಡಿದೆ, ಕಷಾಯ ಮಾಡಿದೆ. ಕೆಮ್ಮು ಜಗ್ಗಲಿಲ್ಲ. ಡಾಕ್ಟರಮ್ಮನೇ ಕೆಮ್ಮಿದರೆ ಮರ್ಯಾದೆ ಏನಾಗಬೇಕು? ಪುಣ್ಯಕ್ಕೆ ನಮ್ಮದು ಮಗ್ಗಗಳ ಬೀದಿ. ಆ ಲಟಪಟ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಹಿತ್ತಿಲಲ್ಲಿ ನಿಂತು ಧಾರಾಳವಾಗಿ ಕೆಮ್ಮಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಹಾಗೆ ಕೆಮ್ಮುತ್ತಿರುವಾಗಲೇ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನನ್ನ ಕೆಮ್ಮು ನಿಲ್ಲಲಿಲ್ಲ.

"ಯಾರೇ ಅದು, ಪ್ರಮೋದಾನಾ?" ಎಂದು ಮಾರಕ್ಕ ಎದುರಿನಿಂದ ಕೂಗಿದಳು.

"ಒಗ್ಗರಣೆ ಘಾಟು ಕಣಕ್ಕ."

"ಮೂರು ಗಂಟೇಲಿ ಯಾವ ಒಗ್ಗರಣೆ ಹಾಕ್ತಿದ್ದೀಯೇ?"

ಉತ್ತರ ಕೊಡಲು ಬಾಯಿ ತೆರೆದರೆ ಮತ್ತೆ ಕೆಮ್ಮೇ ಬಂತು. ಸಂಜೆ ಯಜಮಾನರು ಗಂಭೀರವಾಗಿ, "ನಿನ್ನ ಎಲೆ ತಗೊಂಡು ನೋಡು, ಹೋಗುತ್ತೆ" ಎಂದರು. ತಮಾಷೆ ಮಾಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಾರನೇ ದಿನ, ರವಿಕೆ ಹೊಲಿಯಲು ಕೊಟ್ಟು ಬರುತ್ತೇನೆ ಎಂದು ಹೇಳಿ, ತಲೆ ತುಂಬ ಸೆರಗು ಹೊದ್ದು, ರೈಲ್ವೆ ಸ್ಟೇಷನ್ ಕಡೆಯ ಒಂದು ಕ್ಲಿನಿಕ್ಕಿಗೆ ಹೋದೆ. ನಮ್ಮ ಬೀದಿಯವರು ಅಲ್ಲಿಯವರೆಗೆ ಬರುವುದಿಲ್ಲ ಎಂಬ ಧೈರ್ಯ. ಒಳಗೆ ಕಾಲಿಟ್ಟರೆ ಬೆಂಚಿನ ಮೇಲೆ ಕೊಂಡಪ್ಪಣ್ಣ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ತಪ್ಪು ಮಾಡಿದವನಂತೆ ಕೈಯಲ್ಲಿದ್ದ ಮಾತ್ರೆ ಪೊಟ್ಟಣವನ್ನು ಜೇಬಿಗೆ ತುರುಕಿದ.

"ನಿಮ್ಮ ಕಷಾಯ ಬಿಟ್ಟಿಲ್ಲ ಅಮ್ಮೋರೆ. ಗಂಟಲಿಗೆ ಹಿತವಾಗಿರ್ತದೆ. ಕೆಮ್ಮು ಮಾತ್ರ ಹೋಗ್ಲಿಲ್ಲ. ಬೇಡ ಅಂದ್ರೆ ನೀವು ಬೇಜಾರು ಮಾಡ್ಕೋತೀರಿ ಅಂತ..."

"ಯಾವಾಗಿಂದ ಬರ್ತಿದ್ದೀಯ ಇಲ್ಲಿಗೆ?"

"ದಸರಾದಿಂದ."

ಅವನ ಕೆಮ್ಮು ಕಮ್ಮಿಯಾದದ್ದು ನನ್ನ ಎಲೆಯಿಂದ ಎಂದು ದಸರಾದಿಂದಲೇ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನಗು ಬಂತು, ನಗುವಿನ ಜೊತೆ ಕೆಮ್ಮು. ಅವನೂ ನಕ್ಕು, ಅವನೂ ಕೆಮ್ಮಿದ. ಇಬ್ಬರ ಗಲಾಟೆಗೆ ಡಾಕ್ಟರೇ ಹೊರಗೆ ಬಂದರು.

ನನ್ನ ಎದೆ ಪರೀಕ್ಷಿಸಿ ಅವರು ಹೇಳಿದ್ದಿಷ್ಟು: "ಎಲೆ ತಿಂದಿದ್ದು ತಪ್ಪಲ್ಲಮ್ಮ. ಅದನ್ನೇ ನಂಬ್ಕೊಂಡು ಇಷ್ಟು ದಿನ ಕೂತಿದ್ದು ತಪ್ಪು. ನೂಲಿನ ಧೂಳಿರೋ ಕಡೆ ಮೂಗು ಬಾಯಿ ಮುಚ್ಕೊಳ್ಳಿ."

ಮನೆಗೆ ಬಂದು ಯಜಮಾನರಿಗೆ ನಡೆದದ್ದೆಲ್ಲ ಹೇಳಿದೆ. ಅವರು ನಗಲಿಲ್ಲ, ಮರುದಿನವೇ ಶೆಡ್ಡಿನವರಿಗೆಲ್ಲ ಮಾಸ್ಕ್ ತಂದುಕೊಟ್ಟರು. ನನ್ನ ಕೆಮ್ಮು ನಿಧಾನಕ್ಕೆ ಹೋಯಿತು. ವೈದ್ಯವನ್ನೂ ನಿಲ್ಲಿಸಿದೆ. ಆದರೆ ಗಿಡಕ್ಕೆ ಅದು ಗೊತ್ತಾಗಬೇಕಲ್ಲ, ಹಬ್ಬುತ್ತಲೇ ಇತ್ತು. ಒಂದು ಭಾನುವಾರ ಎಲೆಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿದು ಮಾರಕ್ಕನ ಮನೆಗೆ ಕೊಟ್ಟೆ.

ಅವಳು ಎರಡು ತಿಂದು, "ಮೊದಲಿಂದ್ಲೂ ಇದನ್ನೇ ಕೊಟ್ಟಿದ್ರೆ ನಾನು ದಿನಾ ನೆಗಡಿ ಅಂತಿದ್ನಲ್ಲೇ" ಎಂದಳು.

ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ತಟ್ಟೆ ಮಾತ್ರ ಖಾಲಿಯಾಗಿತ್ತು.