ಬತ್ತೀನಿ ಅಂದ ತಪ್ಪಿಗೆ

ನಮ್ಮ ಅಕ್ಕ ಕುಳ್ಳಮ್ಮನ ಗಂಡ ಚಲುವರಾಜು ಬದುಕನ್ನೆಲ್ಲ ಕಬ್ಬಿನ ಗದ್ದೆಯಲ್ಲೇ ಕಳೆದವರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಫೀಲ್ಡ್‌ಮ್ಯಾನ್ ಆಗಿದ್ದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಇಷ್ಟು ಬಿಟ್ಟು ಬೇರೆ ತಾಲ್ಲೂಕಿಗೆ ಅವರ ಮೊಪೆಡ್ಡು ಹೋದದ್ದೇ ಕಡಿಮೆ. ರಿಟೈರಾದ ಮೇಲೆ ತಿರುಪತಿಗೆ ಹೋಗಬೇಕು ಅಂದಿದ್ದರೆ ನಾನೇ ಬಸ್ಸು ಹತ್ತಿಸುತ್ತಿದ್ದೆ. ಬಾವ ಕೊಲಂಬಿಯಾಕ್ಕೆ ಹೋಗಬೇಕು ಅಂದರು.

"ಯಾಕ್ ಬಾವ? ಅಲ್ಲೇನೈತೆ?" ಅಂತ ರೇಗಿದೆ.

"ಅಲ್ಲೂ ಆಲೆಮನೆ ಅವೆ ಕಣ್ಲಾ ಅಪ್ಪು. ಮೊಬೈಲ್ನಾಗೆ ನೋಡ್ದೆ. ನಮ್ದೇ ಕೊಪ್ಪರಿಗೆ, ನಮ್ದೇ ಒಗೆ. ಬೆಲ್ಲಕ್ಕೆ ಎಸ್ರು ಮಾತ್ರ ಬ್ಯಾರೆ, ಪನೇಲ ಅಂತಾರೆ."

ಬೆಲ್ಲ ನೋಡಲು ಸಮುದ್ರ ದಾಟುವ ಮನುಷ್ಯನನ್ನು ನಮ್ಮೂರು ಬೂಕನಕೆರೆ ಕಂಡಿರಲಿಲ್ಲ. ಅಕ್ಕ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಓಗ್ಲಿ ಬುಡು, ಮನೇಲಿ ಕುಂತ್ಕಂಡು ನನ್ ತಲೆ ತಿನ್ನೋದ್ಕಿಂತ ವಾಸಿ" ಅಂದಳು. ಮೈಸೂರಿನ ಏಜೆಂಟೊಬ್ಬ ಟಿಕೆಟ್ಟು, ವೀಸಾ ಮಾಡಿಸಿಕೊಟ್ಟ. ನಾವು ಕನ್ನಡ ಮಾತಾಡಿದರೆ ಅವರ ಸ್ಪ್ಯಾನಿಷ್‌ನಲ್ಲಿ, ಅವರು ಮಾತಾಡಿದರೆ ಕನ್ನಡದಲ್ಲಿ ಹೇಳುವ ಆಪ್ ಒಂದನ್ನು ನಾನೇ ಫೋನಿಗೆ ಹಾಕಿಕೊಟ್ಟೆ.

ಬಾವ ಅಲ್ಲಿನ ಊರೂರು ಸುತ್ತಿದರು. ವಿಯೇಟ, ನೊಕಾಯ್ಮ, ಊಟಿಕ. ಕೊನೆಯ ಹೆಸರು ಕೇಳಿ ನಮ್ಮೂರ ಜನ, ಅಷ್ಟು ದೂರ ಹೋಗಿ ಊಟಿ ನೋಡಿಕೊಂಡು ಬಂದನಾ ಎಂದು ನಕ್ಕರು. ಬಾವನಿಗೂ ಅಲ್ಲಿ ಎಲ್ಲಿದ್ದೇನೆಂಬುದೇ ಗೊತ್ತಾಗುತ್ತಿರಲಿಲ್ಲವಂತೆ. ಅದೇ ಕಬ್ಬು, ಅದೇ ಪಾಕದ ವಾಸನೆ, ಬೆಳಗ್ಗೆ ಕಣ್ಣು ಬಿಟ್ಟರೆ ಪಾಂಡವಪುರವೇ ಅನ್ನಿಸುವುದು. ಬಾಯಿ ಬಿಟ್ಟರೆ ಮಾತ್ರ ಯಾರಿಗೂ ಏನೂ ತಿಳಿಯದು.

ಅವರನ್ನು ಎಲ್ಲಕ್ಕಿಂತ ಕಂಗೆಡಿಸಿದ್ದು ಬೀಳ್ಕೊಡುಗೆ. ನಮ್ಮಲ್ಲಿ ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಅದು ಅಪಶಕುನ. ಬತ್ತೀನಿ ಅನ್ನಬೇಕು. ಬಾವ ಫೋನಿಗೆ ಆ ಮಾತು ಹೇಳಿ, ಅದು ಕೊಟ್ಟ 'ಯಾ ವೆಂಗೊ' ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಉಂಡು ಮಲಗಿದ ಮನೆಯಿಂದ ಹೊರಡುವಾಗ ಹೆಗಲಿಗೆ ಬ್ಯಾಗು ಹಾಕಿ, ಕೈಮುಗಿದು, ಯಾ ವೆಂಗೊ ಅನ್ನುವರು. ಮನೆಯವರು ತಲೆಯಾಡಿಸಿ ತಮ್ಮ ಪಾಡಿಗೆ ಟಿವಿ ನೋಡುವರು.

"ಬಾಗ್ಲುಗಂಟ ಯಾರೂ ಬರ್ನಿಲ್ಲ ಕಣ್ಲಾ. ಅಷ್ಟ್ ಚೆನ್ನಾಗ್ ನೋಡ್ಕಂಡೋರು. ನಾನೇನ್ ತಪ್ ಮಾಡ್ದೆ ಅಂತ್ಲೇ ತಿಳೀನಿಲ್ಲ" ಎಂದು ಊರಿಗೆ ವಾಪಸು ಬಂದವರೇ ನನ್ನೆದುರು ಗೋಳಾಡಿದರು.

ಊಟಿಕದಲ್ಲಿ ಅವರು ಇಳಿದುಕೊಂಡದ್ದು ರೊಸಾಲ್ಬಾ ಎಂಬ ಮುದುಕಿಯ ಮನೆಯಲ್ಲಿ. ಅಲ್ಲಿ ಇನ್ನೂ ವಿಚಿತ್ರ. ಯಾ ವೆಂಗೊ ಅಂದ ಕೂಡಲೇ ಆಕೆ ಬಾವನ ಅಂಗಿಯ ತೋಳು ಹಿಡಿದುಕೊಂಡು ಏನೇನೋ ಕೇಳಿದಳಂತೆ. ಫೋನು ಬ್ಯಾಗಿನ ತಳದಲ್ಲಿತ್ತು, ಬಸ್ಸು ಹಾರನ್ ಹೊಡೆಯುತ್ತಿತ್ತು. ಬಾವ ಸಮಾಧಾನಕ್ಕೆಂದು ಇನ್ನೂ ಜೋರಾಗಿ ಅದೇ ಮಾತು ಹೇಳಿ ಬಸ್ಸು ಹತ್ತಿದರು.

ಬಾವ ಊರಿಗೆ ಬಂದು ಎರಡು ದಿನವಾಗಿತ್ತೋ ಇಲ್ಲವೋ, ಅಲ್ಲಿ ಇಳಿದುಕೊಂಡಾಗ ಕೊಟ್ಟಿದ್ದ ನಂಬರಿಗೆ ರೊಸಾಲ್ಬಾಳ ವಿಡಿಯೋ ಕಾಲ್ ಶುರುವಾಯಿತು. ನಮಗೆ ಸಂಜೆ, ಆಕೆಗೆ ಬೆಳಗ್ಗೆ. ಎಲ್ಲಿದ್ದೀರಿ, ಯಾವಾಗ ಬರುತ್ತೀರಿ ಎಂದು ಆಪ್ ಮೂಲಕ ಕೇಳುವಳು. ಬಾವ ಸೌಜನ್ಯಕ್ಕೆ "ಬತ್ತೀನಿ ಕಣಮ್ಮ, ಬತ್ತೀನಿ" ಅನ್ನುವರು. ಮರುದಿನ ಮತ್ತೆ ಕಾಲ್. ಅಕ್ಕನ ಮುಖ ದಿನೇದಿನೇ ಊದತೊಡಗಿತು.

"ಯಾರ್ಲಾ ಅಪ್ಪು ಅವ್ಳು? ಇವ್ರು ಬೆಲ್ಲ ನೋಡಾಕ್ ಓದ್ರಾ, ಇನ್ನೇನಾರ ನೋಡಾಕ್ ಓದ್ರಾ?"

ನನಗೂ ಅರ್ಥವಾಗಲಿಲ್ಲ. ಕೊನೆಗೆ ಫೋನು ಇಸಿದುಕೊಂಡು ಆ ಯಾ ವೆಂಗೊವನ್ನು ಸ್ಪ್ಯಾನಿಷ್‌ನಿಂದ ಮತ್ತೆ ಕನ್ನಡಕ್ಕೆ ತಿರುಗಿಸಿ ಕೇಳಿದೆ. 'ಈಗಲೇ ಮರಳಿ ಬರುತ್ತೇನೆ' ಎಂದು ಬಂತು. ನನಗೆ ನಗು ತಡೆಯಲಾಗಲಿಲ್ಲ. ಆ ದೇಶದಲ್ಲಿ ಬಾವ ಕಾಲಿಟ್ಟ ಮನೆಯವರೆಲ್ಲ, ಇವರು ಅಂಗಡಿಗೆ ಹೋಗಿದ್ದಾರೆ, ಈಗ ಬರುತ್ತಾರೆ ಎಂದುಕೊಂಡು ಕೂತಿದ್ದರು!

ಅಕ್ಕನೂ ಸೆರಗು ಬಾಯಿಗೊತ್ತಿ ನಕ್ಕಳು. ಆಗಲೇ ಫೋನು ಬಂತು. ರೊಸಾಲ್ಬಾ ಅವತ್ತು ಒಂದೇ ಸಮನೆ ಮಾತಾಡಿದಳು, ಆಪ್ ತನ್ನ ಪುಸ್ತಕದ ಕನ್ನಡದಲ್ಲಿ ಓದುತ್ತಾ ಹೋಯಿತು.

"ನನ್ನ ಗಂಡನು ಕೂಡ ಈಗಲೇ ಬರುತ್ತೇನೆ ಎಂದು ಹೇಳಿದನು. ಆಗ ನಾನು ಯುವತಿ. ಬಂದೂಕಿನ ಮನುಷ್ಯರು ದಾರಿಯಲ್ಲಿ ಅವನನ್ನು ತೆಗೆದುಕೊಂಡು ಹೋದರು ಎಂದು ಕೆಲವರು ಹೇಳುತ್ತಾರೆ. ದೇಹ ಸಿಗಲಿಲ್ಲ. ನೀವು ಅದೇ ಮಾತನ್ನು ಹೇಳಿದಿರಿ. ನಾನು ಅನ್ನ ಮುಚ್ಚಿಡುತ್ತಿದ್ದೇನೆ. ಸ್ವಾಮಿ, ನೀವು ಬರುತ್ತೀರಾ?"

ನಮ್ಮ ನಗುವೆಲ್ಲ ಇಂಗಿಹೋಯಿತು. ಬಾವ ಮಂಕು ಹಿಡಿದವರಂತೆ ನನ್ನ ಮುಖ, ಅಕ್ಕನ ಮುಖ ನೋಡಿದರು. ಬರ್ತೀನಿ ಅಂದರೆ ಆ ತಾಯಿ ಕಾಯುತ್ತಲೇ ಇರುತ್ತಾಳೆ. ಹೋದೆ, ಇನ್ನು ಬರಲ್ಲ ಅನ್ನುವುದು ನಮ್ಮಲ್ಲಿ ಸಾಯುವವರ ಮಾತು. ಬದುಕಿರುವ ಬಾಯಲ್ಲಿ ಅದು ಹೇಗೆ ಬಂದೀತು?

"ಯೋಳ್ಬುಡಿ ಅತ್ಲಾಗೆ. ಪಾಪ, ಎಷ್ಟ್ ದಿವ್ಸ ಅಂತ ಕಾದಾಳು?" ಅಂದಳು ಅಕ್ಕ.

ಬಾವ ಫೋನನ್ನು ಮುಖದ ಹತ್ತಿರ ತಂದರು. "ಅಮ್ಮ, ನಾನು ಓದೆ."

ಆಪ್ ಏನು ಹೇಳಿತೋ, ರೊಸಾಲ್ಬಾ ಹುಬ್ಬು ಗಂಟಿಕ್ಕಿದಳು. "ನೀವು ಏನನ್ನು ಓದಿದಿರಿ?"

"ಓದೋದಲ್ಲ ಕಣಮ್ಮ! ಓದೆ, ಓದೆ!"

"ಯಾವ ಪುಸ್ತಕ?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಹಕಾರ ಹಾಕಿ ಬಾವ, ಹಕಾರ! ಇಸ್ಕೂಲ್ನಲ್ಲಿ ಯೋಳ್ಕೊಟ್ಟಂಗೆ."

ನಮ್ಮ ಕಡೆಯ ನಾಲಿಗೆಗೆ ಹಕಾರವೆಂದರೆ ಕಲ್ಲು. ಬಾವ ಎದೆಯ ಮೇಲೆ ಕೈಯಿಟ್ಟು, ಉಸಿರೆಳೆದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ನಾನು ಹೋದೆ. ಇನ್ನು ಬರುವುದಿಲ್ಲ. ಕಾಯಬೇಡಿ."

ಆಪ್ ಅದನ್ನು ಹೇಳಿ ಮುಗಿಸಿತು. ಎಂಥ ಪಾಪದ ಮಾತಾಡಿಬಿಟ್ಟೆ ಅನ್ನುವ ಹೆದರಿಕೆ ಬಾವನ ಮುಖದ ಮೇಲೇ ಕಾಣುತ್ತಿತ್ತು. ರೊಸಾಲ್ಬಾ ಕಣ್ಣೊರೆಸಿಕೊಂಡು ಮೆಲ್ಲಗೆ ಏನೋ ಹೇಳಿದಳು.

"ಧನ್ಯವಾದ. ಬರುವುದಿಲ್ಲ ಎಂದು ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ."

ಬಾವ ಫೋನನ್ನು ಅಕ್ಕನ ಕೈಗೆ ಕೊಟ್ಟು, ಹಿತ್ತಿಲಿಗೆ ಹೋಗಿ ಅತ್ತರು.