ಮೂವತ್ತೊಂದನೇ ಪುಟದ ಶೂರರು

ಸರ್ಕ್ಯೂಟ್ ಬೋರ್ಡಿನ ನಕ್ಷೆ ಬಿಡಿಸುವ ಸಾಫ್ಟ್‌ವೇರಿನ ಜೊತೆ ಬಂದ ಕೈಪಿಡಿ ಮಹಾಜ್ಞಾನಿ. ಉಳಿಸಬೇಕಾದರೆ ‘ಸೇವ್’ ಒತ್ತಿ ಎನ್ನುವಲ್ಲಿಗೆ ಅದರ ಉಪದೇಶ ಮುಗಿಯುತ್ತದೆ. ಮಿಕ್ಕಿದ್ದೆಲ್ಲ ಮುಳಬಾಗಿಲಿನಲ್ಲಿ ನಮಗೆ ಕಲಿಸುವ ಗಂಗಾಲಕ್ಷ್ಮಿ ಮೇಡಂ ಕೈಯಾರೆ ಬರೆದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಯಾರಾದರೂ ಎಡವಿದರೆ ಮೇಡಂ ಬೈಯುವ ಬದಲು ಖುಷಿಯಿಂದ ಪೆನ್ನು ಹುಡುಕುತ್ತಾರೆ. ಪುಟಪುಟದಲ್ಲೂ ‘ಇಲ್ಲಿ ತಪ್ಪು ಮಾಡೇ ಮಾಡ್ತೀರಿ, ಹೆದರಬೇಡಿ’ ಎಂಬ ಅಭಯ. ಅದರಡಿ ಆ ತಪ್ಪು ಮಾಡಿದ ಶೂರರ ಹೆಸರುಗಳು, ವೀರಗಲ್ಲಿನಲ್ಲಿ ಕೆತ್ತಿದಷ್ಟು ಗೌರವದಿಂದ. ಮೋಟಾರ್ ರಿಪೇರಿ ಮಾಡಿಕೊಂಡಿದ್ದು ನಲವತ್ತೆಂಟನೇ ವಯಸ್ಸಿಗೆ ಕಲಿಯಲು ಹೋದ ನಾನು ಇಡೀ ಬೋರ್ಡನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಅಚ್ಚು ಹಾಕಿ ಕೆಡಿಸಿ, “ನಾಳೆಯಿಂದ ಬರಲ್ಲ ಮೇಡಂ” ಅಂದೆ. “ಭೀಮರಾಜಣ್ಣ, ಮೂವತ್ತೊಂದನೇ ಪುಟ ನೋಡ್ಬಿಟ್ಟು ಹೋಗಿ” ಅಂದರು. ಅದೇ ತಪ್ಪು, ಮೊದಲ ಹೆಸರು ಅವರದೇ, ಪಕ್ಕದಲ್ಲಿ ‘ಏಳು ಸಲ’. ಪೆನ್ನು ಇಸಕೊಂಡು ಕೆಳಗೆ ನನ್ನ ಹೆಸರನ್ನು ನಾನೇ ಬರೆದು, ಮತ್ತೆ ಕಂಪ್ಯೂಟರಿನ ಮುಂದೆ ಕೂತೆ.